ಎಡಗೋಡೆಯ ಡಬ್ಬಿ

ನಮ್ಮ ಯಜಮಾನರು ಯುದ್ಧವಿಮಾನದ ಕಾಕ್‌ಪಿಟ್ ತಯಾರಿಸುತ್ತಾರೆ. ಹೀಗೆಂದರೆ ನೆಂಟರೆಲ್ಲ ನೆಟ್ಟಗೆ ಕೂರುತ್ತಾರೆ. ಅದರ ಕುರ್ಚಿ ಕಿರುಬೆರಳ ಉಗುರಿನಷ್ಟು ಎಂದ ಮೇಲೆ ಮತ್ತೆ ಒರಗಿಕೊಳ್ಳುತ್ತಾರೆ.

ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಸಿಗುವ ಪ್ಲಾಸ್ಟಿಕ್ ವಿಮಾನದ ಕಿಟ್ ಇದೆಯಲ್ಲ, ಅದರೊಳಗಿನ ಕಾಕ್‌ಪಿಟ್ ರಸಿಕರಿಗೆ ಸಾಲದಂತೆ. ಹಾಗಾಗಿ ಇವರು ಮೊದಲು ಮಾದರಿ ಕೆತ್ತಿ, ಅದರಿಂದ ರಬ್ಬರ್ ಅಚ್ಚು ತೆಗೆದು, ಅಚ್ಚಿಗೆ ರೆಸಿನ್ ಎಂಬ, ಬೇಗ ಗಟ್ಟಿಯಾಗುವ ದ್ರವ ಸುರಿಯುತ್ತಾರೆ. ಕುರ್ಚಿ, ಅದರ ಬೆಲ್ಟು, ಬೆಲ್ಟಿನ ಬಕಲ್ಲು, ಎಲ್ಲವೂ ಬರುತ್ತವೆ. ಕೊಂಡವನು ಅವನ್ನು ಉಜ್ಜಿ, ಬಣ್ಣ ಬಳಿದು, ವಿಮಾನದ ಹೊಟ್ಟೆಯೊಳಗೆ ಕೂರಿಸಿ, ಎರಡು ಹೋಳನ್ನೂ ಅಂಟಿಸಿ ಮುಚ್ಚುತ್ತಾನೆ. ಆಮೇಲೆ ಅದು ದೇವರಿಗೂ ಕಾಣುವುದಿಲ್ಲ. ಯಾರಿಗೂ ಕಾಣದ ವಸ್ತುವಿನಲ್ಲಿ ಒಂದು ತಪ್ಪೂ ಇರಬಾರದು ಎನ್ನುವುದು ಈ ಜನರ ಹಟ. ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಎಲ್ಲರಿಗೂ ಕಾಣುತ್ತದೆ, ಅದರ ಬಗ್ಗೆ ಯಾವ ಹಟವೂ ಇಲ್ಲ.

ಒಮ್ಮೆ ಒಂದು ಹಳೆಯ ವಿಮಾನದ ಸೆಟ್ಟಿಗೆ ಕೈ ಹಾಕಿದರು. ಕಾಕ್‌ಪಿಟ್ಟಿನ ಬಲಗೋಡೆಯ ಫೋಟೊ ಸಿಕ್ಕಿತು, ಎಡಗೋಡೆಯದು ಎಲ್ಲೂ ಇಲ್ಲ. ಕಂಡಕಂಡವರಿಗೆ ಬರೆದರು, ಪರದೇಶದವರ ಕಾಲು ಹಿಡಿದರು. ಅದೇ ವಿಮಾನವನ್ನು ವರ್ಷಗಟ್ಟಲೆ ಹಾರಿಸಿದ ಮನುಷ್ಯ ಪಕ್ಕದ ಬೀದಿಯಲ್ಲಿ, ನನ್ನ ತಮ್ಮನ ಮನೆಯಲ್ಲಿ, ಪೇಪರ್ ಓದುತ್ತ ಕೂತಿದ್ದರು. ನನ್ನ ಅಪ್ಪ. ಅವರನ್ನೇ ಕೇಳಿ ಎಂದೆ. ಕೇಳುತ್ತಾರೆಯೇ? ಮದುವೆಯ ಹೊಸದರಲ್ಲಿ ಅಪ್ಪ ಇವರ ಕೆಲಸವನ್ನು ಆಟದ ಸಾಮಾನು ಎಂದಿದ್ದರಂತೆ. ಅಂದಿನಿಂದ ಮಾವ ಅಳಿಯ ಇಬ್ಬರೂ ಸೆಕೆ, ಚಳಿ ಬಿಟ್ಟು ಬೇರೆ ಮಾತಾಡಿದವರಲ್ಲ.

ಗೋಡೆ ಬೋಳಾಗಿದ್ದರೆ ಗಿರಾಕಿ ಮೂಗು ಮುರಿಯುತ್ತಾನೆಂದು ಇವರು ಅಲ್ಲೊಂದು ಡಬ್ಬಿ ಹುಟ್ಟಿಸಿದರು. ಎರಡು ಸ್ವಿಚ್ಚು, ಕೆಳಗೊಂದು ವೈರು. ಇದು ಏನು ಕೆಲಸ ಮಾಡುತ್ತದೆ ಎಂದು ಕೇಳಿದೆ.

"ಗೋಡೆ ತುಂಬುತ್ತೆ," ಎಂದರು.

ಸೆಟ್ಟು ಕೇಳಿದವರಿಗೆ ಇಲ್ಲದಂತೆ ಖರ್ಚಾಯಿತು. ಬೇರೆ ತಯಾರಕರು ಡಬ್ಬಿ ಸಮೇತ ನಕಲು ಹೊಡೆದರು. ಮಾದರಿ ವಿಮಾನಗಳ ಸ್ಪರ್ಧೆಗಳಲ್ಲಿ ತೀರ್ಪುಗಾರರು ಟಾರ್ಚು ಬಿಟ್ಟು ಇಣುಕಿ, ಡಬ್ಬಿ ಇಲ್ಲದ ವಿಮಾನಕ್ಕೆ ಅಂಕ ಕಳೆದರು. ಕೊನೆಗೆ ಸರ್ಕಾರಿ ವಿಮಾನ ಸಂಗ್ರಹಾಲಯದವರು ತಮ್ಮಲ್ಲಿದ್ದ, ಒಳಗೆಲ್ಲ ತುಕ್ಕು ತಿಂದ ನಿಜವಾದ ವಿಮಾನವನ್ನು ರಿಪೇರಿ ಮಾಡಿಸಲು ಹೊರಟಾಗ, ಮಾದರಿಗೆಂದು ಎದುರಿಗಿಟ್ಟುಕೊಂಡದ್ದು ಇವರ ಸೆಟ್ಟನ್ನೇ. ಡಬ್ಬಿಯನ್ನು ದೊಡ್ಡದು ಮಾಡಿ, ತಗಡಿನಲ್ಲಿ ಬಡಿಸಿ, ಎಡಗೋಡೆಗೆ ಜಡಿಸಿದರು. ಅದಾದ ಮೇಲೆ ನಮ್ಮ ಯಜಮಾನರ ಕಾಲು ನೆಲದ ಮೇಲಿರಲಿಲ್ಲ. ಇಲ್ಲದ ವಸ್ತುವನ್ನು ಸರ್ಕಾರದ ಖರ್ಚಿನಲ್ಲಿ ಇರುವಂತೆ ಮಾಡುವುದು ಎಲ್ಲರ ಕೈಲಾಗುವ ಕೆಲಸವೇ?

ಉದ್ಘಾಟನೆಗೆ ಹಳೆಯ ಪೈಲಟ್ ಎಂದು ಅಪ್ಪನನ್ನು ಕರೆದರು. ಅಷ್ಟು ಹೊತ್ತಿಗೆ ಡಾಕ್ಟರು ಮರೆವಿನ ಮಾತೆತ್ತಿದ್ದರು, ಅಪ್ಪ ಒಪ್ಪಿರಲಿಲ್ಲ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯಬಹುದು, ನನ್ನ ವಿಮಾನವನ್ನು ಮರೆತ ದಿನ ನಿಮ್ಮ ಮಾತ್ರೆ ನುಂಗುತ್ತೇನೆ ಎಂದು ವಾದ ಹೂಡಿದ್ದರು. ಆ ದಿನ ಇಸ್ತ್ರಿ ಮಾಡಿದ ಕೋಟು ಹಾಕಿ, ಏಣಿ ಹತ್ತಿ, ಕಾಕ್‌ಪಿಟ್ಟಿನೊಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಇಳಿದಾಗ ಮುಖ ಬಿಳುಚಿಕೊಂಡಿತ್ತು.

ಯಜಮಾನರು ಸಂಗ್ರಹಾಲಯದವರ ಜೊತೆ ಅಲ್ಲೇ ಉಳಿದರು. ವಾಪಸು ಬರುವಾಗ ಕಾರಿನಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು. "ಎಡಗಡೆ ಒಂದು ಡಬ್ಬಿ ಇದೆಯಮ್ಮ. ದಿನಾ ನನ್ನ ಮೊಣಕೈ ಪಕ್ಕಾನೇ ಇದ್ದಿರಬೇಕು. ನನಗ್ಯಾಕೆ ನೆನಪಿಲ್ಲ?"

ಅದು ಸುಳ್ಳಪ್ಪ, ನಿಮ್ಮ ಅಳಿಯ ಹುಟ್ಟಿಸಿದ್ದು ಎಂದೆ. ಅಪ್ಪ ನನ್ನ ಕೈ ತಟ್ಟಿ, ನನ್ನ ಸಮಾಧಾನಕ್ಕೆ ಹೇಳುತ್ತೀಯ ಎಂದರು. ಆ ಸಂಜೆಯೇ ಮಾತ್ರೆ ನುಂಗಿದರು. ಸ್ಕೂಟರಿನ ಕೀಲಿ ನನ್ನ ತಮ್ಮನಿಗೆ ಒಪ್ಪಿಸಿದರು. ಒಬ್ಬರೇ ಬೀದಿಗಿಳಿಯುವುದನ್ನು ಬಿಟ್ಟರು. ಬಾಗಿಲು ಹಾಕಿದೆನೇ ಎಂದು ಎದ್ದೆದ್ದು ಹೋಗಿ ನೋಡತೊಡಗಿದರು.

ಉದ್ಘಾಟನೆಯ ರಾತ್ರಿಯೇ ಮನೆಯಲ್ಲಿ ನಾನು ಯಜಮಾನರ ಬೆವರಿಳಿಸಿದೆ. ಮಾಡಿದವರು ನೀವು, ನಿಮ್ಮ ಬಾಯಿಂದಲೇ ಬಂದರೆ ಅಪ್ಪ ನಂಬುತ್ತಾರೆ, ಹೋಗಿ ಹೇಳಿ ಎಂದೆ. ಇವರಿಗೂ ಸಂಕಟವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಸಂಗ್ರಹಾಲಯದವರು ಏನೆಂದುಕೊಳ್ಳುತ್ತಾರೋ, ತೀರ್ಪುಗಾರರು ಏನೆನ್ನುತ್ತಾರೋ. ಒಂದು ದಿನ ನೆಗಡಿ, ಇನ್ನೊಂದು ದಿನ ರೆಸಿನ್ ಕಲಸಿಟ್ಟಿದ್ದೇನೆ ಎನ್ನುವ ನೆಪ. ರೆಸಿನ್ ಗಟ್ಟಿಯಾಗಲು ಒಂದು ಕಾಫಿಯ ಹೊತ್ತು ಸಾಕು. ಇವರ ಧೈರ್ಯ ಗಟ್ಟಿಯಾಗಲು ತಿಂಗಳುಗಳೇ ಬೇಕಾದವು.

ಅಂತೂ ಒಂದು ಭಾನುವಾರ, ತಾವು ಕೆತ್ತಿದ ಮೂಲ ಡಬ್ಬಿಯನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ನನ್ನ ಜೊತೆ ಹೊರಟರು. ಅಪ್ಪ ಬಾಗಿಲಲ್ಲೇ ಸಿಕ್ಕಿದರು. ಎಷ್ಟೋ ದಿನಗಳ ಮೇಲೆ ಅವರ ಮುಖ ಅರಳಿತ್ತು. ನೆನಪು ಬಂದುಬಿಟ್ಟಿತು ಎಂದರು. ಮೇಲಿನ ಸ್ವಿಚ್ಚು ಬಲು ಬಿಗಿಯಂತೆ, ಕೈಗವಸು ಬಿಚ್ಚಿ ಹೆಬ್ಬೆರಳಲ್ಲಿ ಒತ್ತಬೇಕಿತ್ತಂತೆ. ಆಕಾಶದಲ್ಲಿ ಚಳಿ ಕೊರೆಯುವಾಗ ಡಬ್ಬಿ ಮಾತ್ರ ಬೆಚ್ಚಗಿರುತ್ತಿತ್ತಂತೆ, ಅದರ ಮೇಲೆ ಅಂಗೈ ಇಟ್ಟುಕೊಂಡು ಹಾರಿಸುತ್ತಿದ್ದರಂತೆ. ಹೇಗೆಂದು ಗಾಳಿಯಲ್ಲಿ ಕೈ ಇಟ್ಟು ತೋರಿಸಿದರು. ಅಳಿಯನ ಭುಜ ತಟ್ಟಿ, ಇಷ್ಟು ಸರಿಯಾಗಿ ಹೇಗೆ ಮಾಡಿದಿರಿ ಎಂದರು. ಮದುವೆಯಾದಾಗಿನಿಂದ ಇವರು ಬಾಯಿ ಬಿಟ್ಟುಕೊಂಡು ಕಾದಿದ್ದ ಶಹಬ್ಬಾಸ್‌ಗಿರಿ ಬಂದದ್ದು ಹೀಗೆ.

ನಾನು ಬೇಡವೆಂದು ಇವರ ತೋಳು ಚಿವುಟಿದೆ. ಜನ್ಮದಲ್ಲಿ ಒಮ್ಮೆ ಧೈರ್ಯ ಮಾಡಿಕೊಂಡು ಬಂದ ಮನುಷ್ಯ, ಚಿವುಟಿದರೆ ನಿಲ್ಲುತ್ತಾರೆಯೇ?

"ಮಾವ, ಆ ಡಬ್ಬಿ ಅಲ್ಲಿ ಇರಲೇ ಇಲ್ಲ. ನಾನೇ ಸುಮ್ಮನೆ ಹುಟ್ಟಿಸಿದ್ದು. ನಿಮ್ಮ ನೆನಪು ಸರಿಯಾಗೇ ಇತ್ತು."

ಅಪ್ಪನಿಗೆ ಕೋಪವೂ ಬರಲಿಲ್ಲ, ನಗುವೂ ಬರಲಿಲ್ಲ. ಅಳಿಯನನ್ನು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ನೀರು ತರುತ್ತೇನೆಂದು ತಾವೇ ಒಳಗೆ ಹೋಗುತ್ತ, ಬಾ ಎಂದು ನನಗೆ ಸನ್ನೆ ಮಾಡಿದರು. ಅಡುಗೆಮನೆಯಲ್ಲಿ ದನಿ ತಗ್ಗಿಸಿದರು.

"ಇವರಿಗೂ ಶುರುವಾದ ಹಾಗಿದೆಯಲ್ಲಮ್ಮ. ತಾವು ಮಾಡಿದ್ದನ್ನೇ ಮರೀತಿದ್ದಾರೆ. ನೀನು ಹೆದರಬೇಡ, ನಮ್ಮ ಡಾಕ್ಟರಿಗೇ ತೋರಿಸು."

ಆ ಏಣಿ ಹತ್ತುವ ಗಳಿಗೆಯವರೆಗೂ ಅಪ್ಪನ ವಿಮಾನ ಅವರ ತಲೆಯೊಳಗೆ ಇದ್ದಂತೆಯೇ ಇತ್ತು. ಕೆಡಿಸಿದವರು ನಾವು. ಅವರ ಕೈಯಿಂದ ಲೋಟ ತೆಗೆದುಕೊಂಡು, ತೋರಿಸ್ತೀನಪ್ಪ ಎಂದೆ.