ಭಂಡಾರದ ಓಟ

ಭೀಮಶಾ ಮಗನ ಹಣೆಗೆ ಮತ್ತೆ ಭಂಡಾರ ತಿಕ್ಕಿದ. ಈ ಸಲವೂ ನಿಲ್ಲಲಿಲ್ಲ. ತಲೆಯ ಕೆಳಗಿಟ್ಟ ಮಂಜುಗಡ್ಡೆಯ ತಂಪಿಗೆ ಸಂಜುಕುಮಾರನ ಮುಖದ ಮೇಲೆ ನೀರು ಹನಿಗಟ್ಟಿ, ಹಚ್ಚಿದ ಅರಿಶಿನವೆಲ್ಲ ಕಿವಿಯ ಕಡೆಗೆ ಇಳಿದು ಹೋಗುತ್ತಿತ್ತು. ಮುದುಕ ಹಟ ಬಿಡದೆ ಮಗನ ಎದೆಯ ಮೇಲಿದ್ದ ದೇವರ ಚೀಲಕ್ಕೆ ಕೈ ಹಾಕಿ ಇನ್ನೊಂದು ಚಿಟಿಕೆ ತೆಗೆದ.

"ಸಾಕು ಬಿಡ್ರಿ ಕಾಕಾ," ಎಂದ ನದೀಮ್. ಹುಮನಾಬಾದಿನಿಂದ ತನ್ನ ಟೆಂಪೋದಲ್ಲಿ ತಂದ ಇನ್ನೊಂದು ಮಂಜುಗಡ್ಡೆಯನ್ನು ಆಗತಾನೇ ಇಳಿಸಿದ್ದ. ಅಲ್ಲಿ ಹೆದ್ದಾರಿಯ ಪಕ್ಕ ಅವನದೊಂದು ಟೈರ್ ಪಂಚರ್ ಅಂಗಡಿ. ಆದರೆ ಈ ಊರಿನವರಿಗೆ ಅವನು ಇವತ್ತಿಗೂ ಸಂಜುವಿನ ಜೊತೆ ಆಡಿದ ಗೋಲ್‌ಕೀಪರ್.

"ಸಾಕಂದ್ರ ಹ್ಯಾಂಗೋ ನದೀಮಾ? ಬೀರಪ್ಪ ದೇವರನ್ನ ಮೈಮ್ಯಾಲ ಹೊತ್ತಾಂವ. ಬರೇ ಹಣಿಲೆ ಕಳಸಾಕ ಬರ್ತದೇನು?"

ಬೇವಿನ ಗಿಡದ ಕೆಳಗೆ ಪಕ್ಕದ ಮನೆಯ ಏಕನಾಥ, ಮಣ್ಣಿಗೆ ಬಂದವರಿಗೆಲ್ಲ ಹಿಂದಿನ ದಿನದ ಕಥೆ ಹೇಳುತ್ತಿದ್ದ. ಅಷ್ಟು ಸಲ ಹೇಳಿ ಅವನಿಗೆ ಅದು ಬಾಯಿಪಾಠವಾಗಿತ್ತು.

"ಕುರಿ ಹೈವೇ ಕಡಿ ನುಗ್ಗಿದ್ವು ನೋಡ್ರಿ. ಸಂಜು ಓಡಿದ. ಏನ್ ಓಡಿದ ಅಂತೀರಿ! ಗೋವಾದಾಗ ಓಡಿದಂಗ. ಮುಂದಿನ ಟಗರು ತಿರುವಿದ, ನಿಂತ, ಎದಿ ಹಿಡ್ಕೊಂಡ, ಬಿದ್ದ. ಬೀರಪ್ಪ ಬಂದ ಅಂತ ನಾವೆಲ್ಲ ಸುತ್ತ ಕುಂತೇವಿ. ಭಂಡಾರ ಹಚ್ಚಿದೇವಿ, ಡೊಳ್ಳು ತರಸಿದೇವಿ. ಈ ವರ್ಷ ಮಳಿ ಹ್ಯಾಂಗಪ್ಪಾ ಅಂತ ಕೇಳಿದೇವಿ."

"ಏನಂದ?"

"ಏನೂ ಅನಲಿಲ್ಲ. ಈಗ ಮಾತಾಡ್ತಾನ, ಈಗ ಮಾತಾಡ್ತಾನ ಅಂತ ಕಾದೇವಿ. ಆಮ್ಯಾಲ ಕೈ ಮುಟ್ಟಿದ್ರ ತಣ್ಣಗ."

ನದೀಮ್ ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಳ್ಳುತ್ತಿದ್ದವನು ಹಾಗೇ ನಿಂತುಬಿಟ್ಟ. "ಯಾರೂ ಗಾಡಿ ತರಲಿಲ್ಲೇನ್ರಿ? ನನಗರೆ ಒಂದು ಫೋನ್ ಮಾಡಬೇಕಿಲ್ಲೋ?"

"ದೇವರು ಬಂದಾಗ ಗಾಡಿ ಯಾರು ತರ್ತಾರ ಭಾಯ್?" ಎಂದ ಏಕನಾಥ. ಅವನ ದನಿಯಲ್ಲಿ ಕಪಟವಿರಲಿಲ್ಲ, ಅದೇ ನದೀಮನಿಗೆ ಹೆದರಿಕೆ ತಂದಿತು.

ಅಷ್ಟರಲ್ಲಿ ಹಿರಿಯರಿಗೆ ಬೇರೊಂದು ಚಿಂತೆ ಹತ್ತಿತ್ತು. ಈ ಮನೆತನದಲ್ಲಿ ದೇವರು ಹೊತ್ತವನು ಸತ್ತರೆ, ಅವನನ್ನು ಗುಂಡಿಗಿಳಿಸಿದ ಮೇಲೆ ಎದೆಯ ಮೇಲಿನ ಭಂಡಾರದ ಚೀಲ ತೆಗೆದುಕೊಂಡು ಅವನ ರಕ್ತದವರೊಬ್ಬರು ಗುಡ್ಡದ ಮೇಲಿನ ಬೀರಪ್ಪನ ಗುಡಿಗೆ ಓಡಬೇಕು. ನಡುವೆ ನಿಲ್ಲಬಾರದು, ಚೀಲ ನೆಲಕ್ಕೆ ತಾಗಬಾರದು. ಗುಡಿಯ ಗಂಟೆ ಕೇಳಿದ ಮೇಲೆಯೇ ಹೆಣದ ಮೇಲೆ ಮಣ್ಣು. ಸಂಜುವಿಗೆ ಗಂಡುಮಕ್ಕಳಿಲ್ಲ. ಭೀಮಶಾನಿಗೆ ಆ ಏರು ನಡೆದು ಹತ್ತುವುದೇ ಕಷ್ಟ.

"ನಾ ಓಡ್ತೀನಿ ಮುತ್ಯಾ."

ಎಲ್ಲರೂ ತಿರುಗಿದರು. ಹೆಂಗಸರ ನಡುವಿನಿಂದ ಸಂಜುವಿನ ಮಗಳು ಸಾಕ್ಷಿ ಎದ್ದು ನಿಂತಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ತಂದೆಯದೇ ಉದ್ದ ಕಾಲು, ತಂದೆಯದೇ ಮೊಂಡುತನ. ಶಾಲೆಯ ಫುಟ್‌ಬಾಲ್ ತಂಡದಿಂದ ಜಿಲ್ಲೆಗೆ ಆಯ್ಕೆಯಾಗಿದ್ದ ಅವಳ ಹೆಸರನ್ನು ಅಪ್ಪನೇ ಹೋಗಿ ತೆಗೆಸಿದ್ದ. ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಬಿಟ್ಟ ಮಾತು ಹಾಗೇ ಉಳಿದುಹೋಯಿತು.

"ತಾನು ದೇಶ ತಿರುಗಿ ಆಡಿದ, ಮಗಳಿಗಿ ಮನ್ಯಾಗ ಕಟ್ಟಿಹಾಕಿದ," ಎಂದು ಯಾರೋ ಗೊಣಗಿದರು. ಊರ ಬಾಯಿಗೆ ಮುಚ್ಚಳವುಂಟೇ? ಹೆಣದ ಮುಂದೆಯೂ ಇಲ್ಲ.

"ಇವತ್ತರೆ ಓಡ್ಲಿ ಬಿಡ್ರಿ," ಎಂದ ಭೀಮಶಾ. ಅವನ ಕಣ್ಣು ತುಂಬಿತ್ತು. "ನನ್ನ ಮೊಮ್ಮಗಳು ಓಡಿದ್ರ ಗಾಳಿ ಹಿಂದ ಬೀಳ್ತದ."

ನದೀಮ್ ಭೀಮಶಾನ ಕಡೆ ಒಂದು ಹೆಜ್ಜೆ ಇಟ್ಟು ಹಿಂದೆ ಸರಿದ.

* * *

ಸಂಜುವಿಗೆ ಫುಟ್‌ಬಾಲ್ ಸಿಕ್ಕಿದ್ದು ಕುರಿಗಳ ನಡುವೆ. ರಾಶಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಹಿಂಡು ತರುಬುವುದು, ಪ್ರತಿಯಾಗಿ ಜೋಳ ಪಡೆಯುವುದು ಭೀಮಶಾನ ಕಸುಬು. ಆ ವರ್ಷ ಹಿಂಡು ಬಸವಕಲ್ಯಾಣದ ಕೋಟೆಯ ಹಿಂದೆ ಬೀಡುಬಿಟ್ಟಿತ್ತು. ಪಕ್ಕದ ಬಯಲಿನಲ್ಲಿ ಮೊಹಲ್ಲಾದ ಹುಡುಗರ ಆಟ. ಚೆಂಡು ಹಿಂಡಿನೊಳಗೆ ಹೊಕ್ಕಿತು. ಬರಿಗಾಲಿನ ಕುರಿ ಹುಡುಗ ಒಂದು ಮರಿಗೂ ತಾಗದಂತೆ ಅದನ್ನು ಕಾಲಲ್ಲೇ ಹೊರಗೆ ತಂದು ಒದ್ದ. ಅದು ನದೀಮನ ಎರಡೂ ಕೈಗಳ ನಡುವೆ ನುಸುಳಿ ಹೋಯಿತು. ನದೀಮ್ ಮೊದಲು ಬೈದ, ಆಮೇಲೆ ಹೆಸರು ಕೇಳಿದ.

ಅಲ್ಲಿಂದ ಮುಂದಿನದು ಊರಿಗೇ ಗೊತ್ತು. ಕ್ರೀಡಾ ಹಾಸ್ಟೆಲು, ಬೆಂಗಳೂರಿನ ಕ್ಲಬ್ಬು, ಆಮೇಲೆ ಗೋವಾ. ಗೋಲು ಹೊಡೆಯುವುದೇ ಅವನ ಕೆಲಸ, ಅದಕ್ಕೇ ಸಂಬಳ. ಮಡಿಕೆಯಲ್ಲಿ ಅಂಬಲಿ ಕುಡಿದು ಬೆಳೆದವನು ವಿಮಾನದಲ್ಲಿ ಕೂತು ಪಂದ್ಯಕ್ಕೆ ಹೋದ. ತಗಡಿನ ಮನೆ ಸ್ಲ್ಯಾಬಿನ ಮನೆಯಾಯಿತು. ಒಂದು ಸಂಜೆ ಟಿ.ವಿ.ಯಲ್ಲಿ ಅವನ ಆಟ ಬಂತು. ಊರೆಲ್ಲ ಕಿರಾಣಿ ಅಂಗಡಿಯ ಮುಂದೆ. ಸಂಜು ಮೂವರನ್ನು ದಾಟಿ ಗೋಲು ಹೊಡೆದ, ನಾಲ್ಕು ಹೆಜ್ಜೆ ಓಡಿ ಹುಲ್ಲಿನ ಮೇಲೆ ಬೋರಲು ಬಿದ್ದ. ಸಂಭ್ರಮಕ್ಕೆ ಬಿದ್ದ ಎಂದು ಟಿ.ವಿ.ಯವರು ಹೇಳಿದರು. ದೇವರು ಬಂದ ಎಂದು ಭೀಮಶಾ ಹೇಳಿದ. ಹೇಳಿ ಸುಮ್ಮನಿರದೆ ಟಿ.ವಿ.ಯ ಗಾಜಿಗೇ ಭಂಡಾರ ಎರಚಿದ. ಅಂಗಡಿಯವನು ಅದನ್ನು ಒರೆಸಲೂ ಹೆದರಿ, ಎಷ್ಟೋ ದಿನ ಊರಿನವರು ಹಳದಿ ಬಣ್ಣದ ಸುದ್ದಿ ನೋಡಿದರು.

ಬೀಳುವುದು ಅವನಿಗೆ ಹೊಸದಲ್ಲ. ಮೊದಲ ಸಲ ಬಿದ್ದದ್ದು ಹನ್ನೆರಡರ ವಯಸ್ಸಿನಲ್ಲಿ, ಕುರಿಯ ಹಿಂದೆ ಓಡುವಾಗ. ಬೇರೆಯವರ ಮನೆಯಾಗಿದ್ದರೆ ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಿದ್ದರು. ಈ ಮನೆಯಲ್ಲಿ ಕಾಲಿಗೆ ಬಿದ್ದರು. ಯಾಕೆಂದರೆ ಭೀಮಶಾನ ತಮ್ಮ ಅಮೋಘಸಿದ್ದಪ್ಪ ಹೀಗೇ ಬೀಳುತ್ತಿದ್ದ, ಕಡೆಗೆ ಡೊಳ್ಳು ಕುಣಿಯುತ್ತಲೇ ಬಿದ್ದು ಏಳಲಿಲ್ಲ. ಬೀರಪ್ಪ ಅವನನ್ನು ಕರೆದುಕೊಂಡ ಎಂದು ಗುಡ್ಡದ ದಾರಿಯಲ್ಲಿ ಅವನಿಗೊಂದು ಗದ್ದುಗೆ ಕಟ್ಟಿದ್ದರು.

ಗೋವಾದ ಕ್ಲಬ್ಬಿನವರು ಮಾತ್ರ ಕಾಲಿಗೆ ಬೀಳದೆ ಡಾಕ್ಟರ ಬಳಿ ಕಳಿಸಿದರು. ಇನ್ನೊಮ್ಮೆ ಕೇಳೋಣವೆಂದು ಸಂಜು ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋದಾಗ ಜೊತೆಗಿದ್ದವನು ನದೀಮ್. ಹೃದಯದ ಗೋಡೆ ಹುಟ್ಟಿನಿಂದಲೇ ದಪ್ಪ, ಓಡಿದರೆ ಯಾವಾಗ ಬೇಕಾದರೂ ನಿಲ್ಲಬಹುದು ಎಂದರು ಅಲ್ಲಿಯ ವೈದ್ಯರು. ಇದು ರಕ್ತದಲ್ಲಿ ಬರುವಂಥದ್ದು, ಮಕ್ಕಳಿದ್ದರೆ ಅವರನ್ನೂ ಕರೆತಂದು ತೋರಿಸಿ ಎಂದು ಎರಡು ಸಲ ಹೇಳಿದರು. ಸಾಕ್ಷಿ ಆಗ ಅಂಬೆಗಾಲಿಡುತ್ತಿದ್ದಳು.

ವಾಪಸು ಬರುವ ಬಸ್ಸು ಜಹೀರಾಬಾದು ದಾಟಿತು. ಸಂಜು ಅಂದ: "ಮೊಣಕಾಲು ಹೋಗ್ಯದ ಅಂತ ಹೇಳ್ತೀನಿ. ನೀನೂ ಅದೇ ಹೇಳು."

"ಖರೇ ಹೇಳಾಕ ಏನಾಗ್ಯದ ನಿನಗ?"

"ಕಾಕಾಗ ಗದ್ದಗಿ ಕಟ್ಯಾರ ನದೀಮಾ. ಅಪ್ಪ ದಿನಾ ಅಲ್ಲಿ ದೀಪ ಹಚ್ತಾನ. ನಿನ್ನ ತಮ್ಮ ರೋಗದಿಂದ ಸತ್ತ, ನಿನ್ನ ಮಗನಿಗಿ ಬರೋದೂ ದೇವರಲ್ಲ, ರೋಗ ಅಂತ ಯಾವ ಬಾಯಿಲೆ ಹೇಳ್ಲಿ?"

"ಮತ್ತ ಮಗಳು?"

ಸಂಜು ಕಿಟಕಿಯ ಹೊರಗೆ ನೋಡಿದ. "ತೋರಿಸಿದ್ರ ಅಕಿಗೂ ಅದ ಅಂತಾರ. ಅಂದ ಮ್ಯಾಲ ಹ್ಯಾಂಗ ಬದುಕ್ಲಿ? ಅಕಿಗಿ ನಾ ಓಡಾಕ ಬಿಡಂಗಿಲ್ಲ. ಅಷ್ಟೇ."

ಗೆಳೆಯನ ಕೈ ತನ್ನ ತೊಡೆಯ ಮೇಲಿತ್ತು, ಯಾರಿಗೂ ಹೇಳುವುದಿಲ್ಲವೆಂದು ನದೀಮ್ ಆಣೆ ಮಾಡಿಬಿಟ್ಟ. ಕ್ಲಬ್ಬುಗಳ ಸಂಜುಕುಮಾರ ಊರಿಗೆ ಬಂದು ಮತ್ತೆ ಕುರಿ ಹಿಡಿದ. ಇಲ್ಲದ ಮೊಣಕಾಲು ನೋವಿಗಾಗಿ ಕುಂಟುವುದನ್ನೂ ಕಲಿತ. ಜನ ಇದ್ದಲ್ಲಿ ಕುಂಟುತ್ತಿದ್ದ, ಕುರಿಗಳ ಹತ್ತಿರ ಮರೆಯುತ್ತಿದ್ದ.

* * *

ಹೆಣ ಎದ್ದಿತು. ಡೊಳ್ಳಿನವರು ಮುಂದೆ, ಹಿಂದೆ ನದೀಮನ ಟೆಂಪೋದಲ್ಲಿ ನಡೆಯಲಾಗದ ಮುದುಕಿಯರು. ಟೆಂಪೋವನ್ನು ಏಕನಾಥನ ಕೈಗೆ ಕೊಟ್ಟು ನದೀಮ್ ಚಟ್ಟಕ್ಕೆ ಹೆಗಲು ಕೊಟ್ಟಿದ್ದ, ಭೀಮಶಾನ ಪಕ್ಕದಲ್ಲೇ.

"ಕಾಕಾ, ಸಾಕ್ಷಿಗಿ ಓಡಸಬ್ಯಾಡ್ರಿ."

"ಹೆಣ್ಣುಹುಡುಗಿ ಅಂತನಾ?" ಮುದುಕ ಆ ದುಃಖದಲ್ಲೂ ಅವನನ್ನು ಗದರಿದ. "ಕಾಲ ಬದಲಾಗ್ಯದೋ ನದೀಮಾ. ಹೆಣ್ಣುಮಕ್ಕಳು ವಿಮಾನ ಹಾರಸಾಕತ್ತಾರ. ನನ್ನ ಮೊಮ್ಮಗಳು ಒಂದು ಗುಡ್ಡ ಹತ್ತಬಾರದೇನು?"

"ಅದಲ್ರಿ, ಅಕಿ ಎದಿ..."

ಡೊಳ್ಳು ಮಾತನ್ನು ನುಂಗಿತು. ಭೀಮಶಾ ಮುಂದಿನ ಹೆಜ್ಜೆ ಇಟ್ಟಾಗಿತ್ತು.

ಹೊಲದ ಬದುವಿನಲ್ಲಿ ಗುಂಡಿ ಸಿದ್ಧವಿತ್ತು. ಸಂಜುವನ್ನು ಇಳಿಸಿದರು. ನದೀಮ್ ಜನರನ್ನು ಸರಿಸಿಕೊಂಡು ಸಂಜುವಿನ ಹೆಂಡತಿ ಉಮಾದೇವಿಯ ಬಳಿ ಹೋದ. ಅವಳು ಅಳು ಮುಗಿದ ಮುಖದಲ್ಲಿ ಗಂಡನ ಕಾಲುಗಳನ್ನು ನೋಡುತ್ತ ನಿಂತಿದ್ದಳು. ಹೇಗೆ ಶುರು ಮಾಡಬೇಕೆಂದು ನದೀಮನಿಗೆ ಹೊಳೆಯಲಿಲ್ಲ.

"ವೈನಿ, ಸಂಜುನ ಮೊಣಕಾಲು ಚಲೋ ಇತ್ತು."

ಅವಳು ತಲೆ ಎತ್ತಿದಳು.

"ಅಂವಗ ಎದಿ ರೋಗ ಇತ್ತು. ಹೈದರಾಬಾದಿನಾಗ ಡಾಕ್ಟರ್ ಹೇಳಿದ್ರು. ದೇವರಲ್ಲ ವೈನಿ, ಯಾವತ್ತೂ ದೇವರಾಗಿರಲಿಲ್ಲ. ಅದು ರಕ್ತದಾಗ ಬರ್ತದ, ಗದ್ದಗಿ ಕಟ್ಟಿದ ಕಾಕಾಗೂ ಅದೇ ಇತ್ತು. ಸಾಕ್ಷಿಗೂ ತೋರಸ್ರಿ ಅಂದಿದ್ರು. ಅಪ್ಪನ ಮನಸು ನೋಯ್ತದಂತ ಅಂವ ಅಂಜಿದ. ನನಗ ಆಣಿ ಹಾಕಿಸಿದ."

ಒಮ್ಮೆಗೇ ಉಮಾದೇವಿಗೆ ಏನೇನೋ ಕೂಡಿಬಂದಿರಬೇಕು: ಮಗಳು ಅಂಗಳದಲ್ಲಿ ಓಡಿದರೂ ಗದರುತ್ತಿದ್ದ ಗಂಡ, ರಾತ್ರಿ ಮಲಗಿದ ಮಗಳ ಎದೆಯ ಮೇಲೆ ಕೈಯಿಟ್ಟು ಕೂತಿರುತ್ತಿದ್ದ ಗಂಡ. ಅದನ್ನೆಲ್ಲ ಅವಳು ಮಮತೆ ಎಂದುಕೊಂಡಿದ್ದಳು.

"ಸಾಕ್ಷಿ ಎಲ್ಲಿ?" ಎಂದಳು.

ಗುಂಡಿಯ ಆಚೆ ಬದಿಯಲ್ಲಿ ಭೀಮಶಾ ಚೀಲವನ್ನು ಮೊಮ್ಮಗಳ ಕೈಗೆ ಕೊಟ್ಟಾಗಿತ್ತು. ಡೊಳ್ಳು ಜೋರಾಯಿತು. ಸಾಕ್ಷಿ ಗುಂಡಿಯೊಳಗೆ ಒಮ್ಮೆ ಬಾಗಿ, ಅಪ್ಪನಿಗೆ ಏನೋ ಹೇಳಿ, ಚೀಲ ಎದೆಗವುಚಿಕೊಂಡು ಹೊರಟೇಬಿಟ್ಟಳು.

"ಸಾಕ್ಷೀ! ನಿಲ್ಲವ್ವಾ! ನಿಲ್ಲು!"

ಉಮಾದೇವಿ ಓಡಿದಳು. ಗಂಡನಿಗೆ ಮಣ್ಣು ಬೀಳುವ ಮೊದಲೇ ಹೆಂಡತಿ ಗುಂಡಿಯ ಬಳಿಯಿಂದ ಓಡುವುದೆಂದರೇನು! "ಏ, ಹಿಡೀರಿ ಅಕಿಗಿ, ತಲಿ ಕೆಟ್ಟದ," ಎಂದು ಹೆಂಗಸರು ಸೆರಗು ಜಗ್ಗಿದರು. ಸೀರೆ ಹರಿಯಿತು, ಅವಳು ನಿಲ್ಲಲಿಲ್ಲ. ನದೀಮ್ ಅವಳ ಹಿಂದೆ ಓಡಿದ.

ಸಾಕ್ಷಿಯ ಓಟ ನೋಡುವಂತಿತ್ತು. ಎಡಕ್ಕೆ ತುಸು ವಾಲಿ, ತಲೆ ತಗ್ಗಿಸಿ, ಏರು ಬಂದರೂ ವೇಗ ತಗ್ಗದ, ಅಪ್ಪನದೇ ಓಟ. ಚೆಂಡು ಹಿಡಿಯಲು ಆ ಓಟದ ಎದುರಿಗೆ ಎಷ್ಟೋ ಸಲ ನಿಂತಿದ್ದ ನದೀಮ್ ಈಗ ಅದರ ಹಿಂದೆ ಓಡುತ್ತಿದ್ದ. ಕೆಳಗಿನಿಂದ ಜನ ಕೇಕೆ ಹಾಕುತ್ತಿದ್ದರು. ಅವಳು ಅರ್ಧ ಗುಡ್ಡ ಹತ್ತಿದಳು. ಅಲ್ಲಿ ಅವಳ ಹೆಜ್ಜೆ ಒಂದು ತಪ್ಪಿತು. ಒಂದು ಕೈ ಎದೆಗೆ ಹೋಯಿತು. ಕೂರುವವಳಂತೆ ಬಾಗಿ, ಪಕ್ಕಕ್ಕೆ ಉರುಳಿದಳು.

"ಬಂದ! ಬೀರಪ್ಪ ಬಂದ!"

ಆ ಕೂಗಿನಲ್ಲಿ ಎಂಥ ಸಂತೋಷವಿತ್ತು! ಅಪ್ಪನನ್ನು ಬಿಟ್ಟ ದೇವರು ಅರ್ಧ ದಾರಿಯಲ್ಲೇ ಮಗಳನ್ನು ಹಿಡಿದಿದ್ದ. ಜನ ಬಿದ್ದು ಎದ್ದು ಗುಡ್ಡ ಹತ್ತಿದರು. ಉಮಾದೇವಿ ತಲುಪುವುದರೊಳಗೆ ಅಡ್ಡದಾರಿಯಿಂದ ಬಂದ ಹತ್ತಾರು ಮಂದಿ ಸಾಕ್ಷಿಯ ಸುತ್ತ ಮಂಡಿಯೂರಿ ಕೂತಾಗಿತ್ತು. ಹಣೆಗೆ, ಕೆನ್ನೆಗೆ, ಕೂದಲಿಗೆ ಭಂಡಾರ. ತಲೆಯ ಬಳಿಯೇ ಡೊಳ್ಳು.

"ಮಾತಾಡು ನಮ್ಮಪ್ಪಾ! ನಿನ್ನ ಮಕ್ಕಳು ಕೇಳಾಕತ್ತೇವಿ!"

ಉಮಾದೇವಿ ಭಂಡಾರ ಹಚ್ಚುತ್ತಿದ್ದ ಕೈಗಳನ್ನು ತಳ್ಳಿ ಮಗಳ ಮೇಲೆ ಬಿದ್ದಳು. ಎದೆಗೆ ಕಿವಿ ಹಚ್ಚಿದಳು. ಏನೋ ಬಡಿಯುತ್ತಿತ್ತು. ಡೊಳ್ಳೋ ಎದೆಯೋ ತಿಳಿಯಲಿಲ್ಲ.

"ಬಂದ್ ಮಾಡ್ರೋ!" ನದೀಮ್ ಡೊಳ್ಳಿನವನ ಕೈ ಹಿಡಿದ. ಯಾರೋ ಅವನನ್ನು ದೂಡಿದರು. "ನಮ್ಮ ದೇವರ ಸುದ್ದಿ ನಿನಗ್ಯಾಕೋ?"

ಏದುಸಿರು ಬಿಡುತ್ತ ಭೀಮಶಾ ಬಂದ. ಮುಷ್ಟಿಯ ತುಂಬ ಭಂಡಾರವಿತ್ತು, ಮುಖ ಬೆಳಗುತ್ತಿತ್ತು. ಜನ ದಾರಿ ಬಿಟ್ಟರು. ಉಮಾದೇವಿ ತಲೆ ಎತ್ತಿದಳು. ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ದನಿ ಎತ್ತಿದವಳಲ್ಲ.

"ಮಾವ, ನಿನ್ನಿ ನಿಮ್ಮ ಮಗನ ಸುತ್ತನೂ ಹಿಂಗ ಕುಂತಿದ್ರಿ. ಮಾತಾಡಿದನೇನ್ರಿ ನಿಮ್ಮ ದೇವರು?"

ಮುದುಕ ನಿಂತ.

"ರೋಗ ಇತ್ರಿ ಅವರಿಗಿ. ಗದ್ದಗಿ ಕಟ್ಟೀರಲ್ಲ, ಆ ಸಣ್ಣಮಾವಗೂ ಅದೇ ಇತ್ತು. ನಿಮ್ಮ ಮನಸು ನೋಯ್ತದಂತ ಅವರು ಹೇಳಲಿಲ್ಲ. ಈಗ ಈಕಿ. ಕೈ ಮುಟ್ಟಿ ನೋಡ್ರಿ, ತಣ್ಣಗ ಆಗಾಕತ್ತಾವ."

ಭೀಮಶಾ ಬಾಗಿ ಮೊಮ್ಮಗಳ ಕೈ ಮುಟ್ಟಿದ. ನಿನ್ನೆ ಮುಟ್ಟಿದ ಕೈಯ ನೆನಪು ಅವನಿಗೆ ಇನ್ನೂ ಹಸಿಯಾಗಿತ್ತು. ಅವನ ಮುಖದ ಬೆಳಕು ಹೇಗೆ ಆರಿತೆಂಬುದನ್ನು ನೋಡಲಾಗದೆ ನದೀಮ್ ಬೇರೆ ಕಡೆ ತಿರುಗಿದ. ಮುದುಕನ ಮುಷ್ಟಿ ಬಿಚ್ಚಿತು, ಭಂಡಾರ ಕಾಲ ಬಳಿ ಉದುರಿತು.

"ಡೊಳ್ಳು ನಿಲ್ಲಸ್ರಿ," ಎಂದ.

ನಿಂತಿತು. ಉಮಾದೇವಿ ಮತ್ತೆ ಕಿವಿ ಹಚ್ಚಿದಳು. ದನಿ ಇತ್ತು. ಸಣ್ಣದು, ಹೆಜ್ಜೆ ತಪ್ಪಿದ್ದು, ಆದರೂ ಇತ್ತು.

ಭೀಮಶಾ ತಾನೇ ಮೊಮ್ಮಗಳನ್ನು ಎತ್ತಿಕೊಂಡ. ಚೀಲ ನೆಲಕ್ಕೆ ಬಿತ್ತು. ಬಿದ್ದದ್ದು ಎಲ್ಲರಿಗೂ ಕಂಡಿತು, ಯಾರೂ ಎತ್ತಲಿಲ್ಲ. ಇಳಿಜಾರಿನಲ್ಲಿ ನದೀಮ್ ಹುಡುಗಿಯನ್ನು ತನ್ನ ತೋಳಿಗೆ ತೆಗೆದುಕೊಂಡ. ಟೆಂಪೋದಿಂದ ಮುದುಕಿಯರು ತಾವಾಗಿಯೇ ಇಳಿದರು. ಮಂಜುಗಡ್ಡೆಯ ನೀರಿನಿಂದ ಒದ್ದೆಯಾಗಿದ್ದ ಹಲಗೆಯ ಮೇಲೆ ಉಮಾದೇವಿ ಕೂತು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಭೀಮಶಾ ಪಕ್ಕಕ್ಕೆ ಹತ್ತಿದ.

"ಮುತ್ಯಾ, ಮಣ್ಣು?" ಎಂದು ಏಕನಾಥ ಕೂಗಿದ.

"ಆಮ್ಯಾಲ. ಅಂವ ಇನ್ನ ಎಲ್ಲಿ ಹೋಗ್ತಾನ?" ಎಂದ ಮುದುಕ. "ನಡಿ ನದೀಮಾ, ದವಾಖಾನಿಗಿ ನಡಿ."

ಟೆಂಪೋ ಹೊಲದ ದಾರಿ ದಾಟಿ ಹುಮನಾಬಾದಿನ ರಸ್ತೆಗೆ ಬಿತ್ತು. ಜನ ಒಬ್ಬೊಬ್ಬರಾಗಿ ಗುಂಡಿಯ ಹತ್ತಿರ ಬಂದು, ರೂಢಿಯಂತೆ ಬಾಗಿ ಒಂದೊಂದು ಹಿಡಿ ಮಣ್ಣು ತೆಗೆದುಕೊಂಡರು. ಗುಡಿಯ ಗಂಟೆ ಕೇಳಿರಲಿಲ್ಲ, ಹಾಕಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಗಾಡಿಯ ಧೂಳು ಇನ್ನೂ ಕಾಣುತ್ತಿತ್ತು. ಮಣ್ಣು ಮುಷ್ಟಿಯಲ್ಲಿ ಹಿಡಿದುಕೊಂಡೇ, ಸಂಜುವಿಗೆ ಬೆನ್ನು ಮಾಡಿ, ಊರಿಗೆ ಊರೇ ರಸ್ತೆಯ ಕಡೆ ಮುಖ ಮಾಡಿ ನಿಂತಿತು.