ಮೊದಲು ಕೋಣೆ, ಆಮೇಲೆ ಮನುಷ್ಯ

ಶುಕ್ರವಾರ ಬಂತೆಂದರೆ ಬಿನ್ ಮಹಮೂದ್ ಬಡಾವಣೆಯ ಆ ಹಳೇ ಫ್ಲ್ಯಾಟಿನಲ್ಲಿ ಅಡುಗೆ ಹಸನಬ್ಬನದ್ದು, ಭಾಷಣ ಗೋಪಿನಾಥರದ್ದು. ಹಸನಬ್ಬ ಪುತ್ತೂರಿನ ಕಡೆಯವನು, ದೋಹಾದಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಲೇ ತಲೆ ನೆರೆತವನು. ಗೋಪಿನಾಥ್ ಮೈಸೂರಿನವರು, ಕಂಪನಿಯೊಂದರ ಅಕೌಂಟ್ಸ್ ಆಫೀಸರ್. ಬಾಡಿಗೆ ಕರಾರಿಗೆ ಸಹಿ ಹಾಕಿದ್ದು ತಾವು ಎಂಬ ಒಂದೇ ಕಾರಣಕ್ಕೆ ಮನೆಯ ಯಜಮಾನಿಕೆಯನ್ನೂ ಹೆಗಲಿಗೆ ಹಾಕಿಕೊಂಡಿದ್ದರು. ಮೂರನೆಯವನು ಮಂಗಳೂರಿನ ಲ್ಯಾನ್ಸ್‌ಲಾಟ್, ಎ.ಸಿ. ರಿಪೇರಿಯ ಹುಡುಗ. ಮಾತು ಕಡಿಮೆ, ನಗು ಜಾಸ್ತಿ.

ತೊಂಬತ್ತೆಂಟರ ಫೆಬ್ರವರಿಯ ಒಂದು ಮಧ್ಯಾಹ್ನ. ಮೀನಿನ ಸಾರಿನ ಮುಂದೆ ಕೂತು ಗೋಪಿನಾಥ್ ಪೇಪರು ಬಿಚ್ಚಿದರು. ತಮಗೆ ಬೇಳೆಸಾರು ಬೇರೆ ಇತ್ತು.

“ನೋಡಿ ಇವರ ಬುದ್ಧೀನ! ಡ್ರಗ್ಸ್ ತಗೊಳ್ಳೋರನ್ನ ಜೈಲಿಗೆ ಹಾಕಬೇಡಿ, ಆಸ್ಪತ್ರೆಗೆ ಕಳಿಸಿ ಅಂತ ಯುರೋಪಿನಲ್ಲಿ ಚರ್ಚೆ ನಡೀತಿದೆಯಂತೆ. ಸಾಯೋರು ಕಮ್ಮಿ ಆಗ್ತಾರಂತೆ. ಭಯಾನೇ ಇಲ್ದಿದ್ರೆ ನಾಳೆ ಹಾಲಿನ ಬೂತಲ್ಲೂ ಮಾರ್ತಾರೆ.”

“ಮಾರುವವನನ್ನು ಹಾಕಿ ಮಾರಾಯ್ರೇ, ಯಾರು ಬೇಡ ಅಂದದ್ದು?” ಎಂದ ಹಸನಬ್ಬ. “ನನ್ನ ಅಕ್ಕನ ಮಗ ಬೊಂಬಾಯಿಯಲ್ಲಿ ಸತ್ತದ್ದು ಬರೀ ಪುಡಿಯಿಂದ ಅಲ್ಲ. ಒಟ್ಟಿಗಿದ್ದವರು ಪೊಲೀಸಿಗೆ ಹೆದರಿ ಅವನನ್ನು ಸ್ಟೇಷನ್ನಿನ ಬೆಂಚಿನಲ್ಲಿ ಮಲಗಿಸಿ ಓಡಿದ್ರು. ಒಬ್ಬನಾದ್ರೂ ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ರೆ ಬದುಕ್ತಿದ್ದ.”

“ತಗೊಳ್ಳೋದಕ್ಕೆ ಮುಂಚೆ ಯೋಚನೆ ಮಾಡ್ಬೇಕಿತ್ತು.”

ಲ್ಯಾನ್ಸ್‌ಲಾಟ್ ನಕ್ಕ. “ನೀವು ಹೇಳಿದ್ದೇ ಸರಿ ಸರ್,” ಎಂದು ತಟ್ಟೆ ಎತ್ತಿಕೊಂಡು ಎದ್ದ.

ಬಚ್ಚಲಿಗೆ ಹೋದವನು ಬರಲಿಲ್ಲ. ಬಾಗಿಲು ಬಡಿದರೂ ಉತ್ತರವಿಲ್ಲ. ಹಸನಬ್ಬ ಹೆಗಲು ಕೊಟ್ಟು ಚಿಲಕ ಮುರಿದ. ಲ್ಯಾನ್ಸ್‌ಲಾಟ್ ಗೋಡೆಗೆ ಒರಗಿ ಬಿದ್ದಿದ್ದ. ತುಟಿ ನೀಲಿ, ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ನಲ್ಲಿಯ ಕೆಳಗೆ ಸಿರಿಂಜು, ಚಮಚ, ಕಂದು ಪುಡಿಯ ಪೊಟ್ಟಣ.

ಗೋಪಿನಾಥರ ಕಣ್ಣ ಮುಂದೆ ಬಂದದ್ದು ಆ ಹುಡುಗನಲ್ಲ, ಬಾಡಿಗೆ ಕರಾರಿನ ಮೇಲಿದ್ದ ತಮ್ಮ ಸಹಿ.

“ಮೊದಲು ಇದನ್ನ ಕ್ಲೀನ್ ಮಾಡೋಣ,” ಎಂದರು.

“ಉಸಿರು ನೋಡಿ ಅವನದ್ದು! ಟ್ಯಾಕ್ಸಿ ತರ್ತೇನೆ.”

“ಪೊಲೀಸ್ರು ಮನೆಗೆ ಬಂದ್ರೆ ನೀವೂ ಒಳಗೆ, ನಾನೂ ಒಳಗೆ! ಗೊತ್ತಿದೆಯೇನ್ರೀ?”

ಹಸನಬ್ಬನಿಗೂ ಹೆಂಡತಿ ಮಕ್ಕಳಿದ್ದರು. ಬಾಯಿ ಮುಚ್ಚಿಕೊಂಡ. ಗೋಪಿನಾಥ್ ಪೊಟ್ಟಣವನ್ನು ಕಮೋಡಿಗೆ ಸುರಿದು ನೀರು ಬಿಟ್ಟರು. ಸಿರಿಂಜನ್ನು ಸುತ್ತಿ ಬೀದಿಯ ಕಸದ ಡಬ್ಬಿಗೆ ಹಾಕಿ ಬಂದರು. ಡೆಟಾಲ್ ಹಾಕಿ ನೆಲ ಒರೆಸಿದರು. ಅಷ್ಟು ಸಾಲದೆಂದು ಸೂಜಿಯ ಗುರುತು ಕಾಣದಂತೆ ಹುಡುಗನಿಗೆ ತುಂಬು ತೋಳಿನ ಅಂಗಿ ತೊಡಿಸಿ ಗುಂಡಿಯನ್ನೂ ಹಾಕಿದರು. ಅಷ್ಟೂ ಹೊತ್ತು ಹಸನಬ್ಬ ಅವನ ಕೆನ್ನೆ ತಟ್ಟುತ್ತಾ ಅಳುತ್ತಿದ್ದ.

ಆಸ್ಪತ್ರೆಯಲ್ಲಿ ಸೂಡಾನಿ ಡಾಕ್ಟರು ಕೇಳಿದರು, “ಏನು ತಗೊಂಡಿದ್ದಾನೆ?”

ಬಾಗಿಲಲ್ಲಿ ಪೊಲೀಸಿನವನೊಬ್ಬ ನಿಂತಿದ್ದ. “ಹಾರ್ಟ್ ಇರಬೇಕು,” ಎಂದರು ಗೋಪಿನಾಥ್.

“ಹಾರ್ಟ್ ಅಲ್ಲ. ಇಂಜೆಕ್ಷನ್ನೋ, ಮಾತ್ರೆಯೋ? ಬೇಗ ಹೇಳಿ, ಹೋಗಿಬಿಡ್ತಾನೆ.”

ಹಸನಬ್ಬ ಗೋಪಿನಾಥರ ಮುಖವನ್ನೇ ನೋಡುತ್ತಿದ್ದ. ಅವರು ಡಾಕ್ಟರ ಹತ್ತಿರ ಸರಿದು, “ಇಂಜೆಕ್ಷನ್. ಕಂದು ಪುಡಿ. ನಾನೇ ಎಸೆದುಬಿಟ್ಟೆ,” ಎಂದರು. ಪೊಲೀಸಿನವನು ಇತ್ತ ತಿರುಗಿದ.

ಲ್ಯಾನ್ಸ್‌ಲಾಟ್ ಬದುಕಿದ. ಮಾರನೆಯ ದಿನ ಅವನ ಮಂಚದ ಪಕ್ಕ ಕಾವಲು ಕೂತಿತ್ತು. ಗುಣವಾದ ಮೇಲೆ ಜೈಲು, ಜೈಲಿನ ನಂತರ ಊರು. ಠಾಣೆಯಲ್ಲಿ ಹೇಳಿಕೆ ಕೊಟ್ಟು ಗೋಪಿನಾಥ್ ನೋಡಲು ಹೋದಾಗ ಅವನು ಕೇಳಿದ್ದು ಒಂದೇ. “ನೀವೇ ಹೇಳಿದ್ದಾ ಸರ್?”

“ಹೌದಪ್ಪ.”

ಲ್ಯಾನ್ಸ್‌ಲಾಟ್ ಗೋಡೆಯ ಕಡೆ ಮಗ್ಗುಲಾದ.

ಆಫೀಸಿನಲ್ಲಿ ಮ್ಯಾನೇಜರು ಕರೆದು ಕೂರಿಸದೆಯೇ ಹೇಳಿದರು, ಇನ್ನೊಂದು ಸಲ ಇಂಥದ್ದರಲ್ಲಿ ಹೆಸರು ಬಂದರೆ ಖಲಾಸ್, ಊರಿನ ಟಿಕೆಟ್ ಕೊಟ್ಟು ಕಳಿಸುತ್ತೇವೆ ಎಂದು. ಮೈಸೂರಿನಲ್ಲಿ ಅರ್ಧ ಎದ್ದ ಮನೆ, ಪಿಯುಸಿ ಓದುವ ಮಗಳು. ಗೋಪಿನಾಥರಿಗೆ ನಿದ್ದೆ ಹತ್ತಲಿಲ್ಲ. ತಾವು ಹುಡುಗನನ್ನು ಉಳಿಸಿದ್ದೋ, ಹಿಡಿದುಕೊಟ್ಟದ್ದೋ? ಜೈಲಿನ ಭಯ ಇಲ್ಲದಿದ್ದರೆ ನೆಲ ಒರೆಸುತ್ತಾ ಕೂರುತ್ತಿರಲಿಲ್ಲ, ನಿಜ. ಆದರೆ ಭಯವೇ ಹೋದರೆ ಇನ್ನೆಷ್ಟು ಜನ ಸೂಜಿ ಹಿಡಿಯುತ್ತಾರೋ? ಯಾವ ಕಡೆಯಿಂದ ಯೋಚಿಸಿದರೂ ಮನಸ್ಸು ಕಗ್ಗಂಟಾಗುತ್ತಿತ್ತು.

“ಯಾವುದು ಸರಿ, ಹಸನಬ್ಬ?”

“ನನ್ನನ್ನು ಕೇಳ್ಬೇಡಿ. ನಾವಿಬ್ಬರೂ ಅವನನ್ನು ಕೊಲ್ಲಲಿಕ್ಕೆ ಇದ್ದೆವು, ಅಷ್ಟು ನನಗೆ ಗೊತ್ತುಂಟು.”

ಗೋಪಿನಾಥರಿಗೆ ನಾಚಿಕೆಯಾಗಿತ್ತು.

ಮುಂದಿನ ವಾರ ಒಂದು ಸಂಜೆ ಬೆಲ್ ಆಯಿತು. ಹಸನಬ್ಬ ಮಗ್ರಿಬ್ ನಮಾಜಿಗೆ ಹೋಗಿದ್ದ. ಬಾಗಿಲಲ್ಲಿ ಒಬ್ಬ ಅಪರಿಚಿತ ತರುಣ. ಆ ಚಳಿಯಲ್ಲೂ ಬೆವರಿದ್ದ.

“ಗೋಪಿನಾಥ್ ಸರ್ ಅಂದ್ರೆ ನೀವಾ? ನಾನು ಶಾಫಿ, ಹಿಂದಿನ ಬಿಲ್ಡಿಂಗ್. ಮೊನ್ನೆ ನಿಮ್ಮ ರೂಮಿನವನಿಗೆ ಆದದ್ದು ಕೇಳಿದೆ. ಅಂಥದ್ದು ಯಾರಿಗಾದ್ರೂ ಆದ್ರೆ... ಡಾಕ್ಟರಿಗೆ ಏನು ಹೇಳುವುದು ಸರ್?”

“ಇದ್ದದ್ದನ್ನ ಇದ್ದ ಹಾಗೆ ಹೇಳ್ಬೇಕು.”

“ಪೊಲೀಸ್ ಬರ್ತಾರಾ?”

ಇಲ್ಲ ಎಂದುಬಿಡಲು ಗೋಪಿನಾಥರಿಗೆ ಎಷ್ಟು ಆಸೆಯಿತ್ತೆಂದರೆ ನಾಲಿಗೆಯ ತುದಿಗೇ ಬಂದಿತ್ತು. “ಬರ್ತಾರಪ್ಪ. ಬರಲ್ಲ ಅಂತ ನಾನು ಹೇಗೆ ಹೇಳ್ಲಿ?”

ಶಾಫಿ ಮೆಟ್ಟಿಲ ಕಡೆ ತಿರುಗಿದ. ಎರಡು ಹೆಜ್ಜೆ ಹೋಗಿ ಮತ್ತೆ ಬಂದ.

“ನನ್ನ ತಮ್ಮ ಸರ್. ಕೆಳಗೆ ಕಾರಿನಲ್ಲಿದ್ದಾನೆ. ಎಷ್ಟು ಕರೆದ್ರೂ ಏಳುವುದಿಲ್ಲ.”

ಟಿಕೆಟ್ಟಿನ ಮಾತು ಗೋಪಿನಾಥರ ನೆನಪಿಗೆ ಬಾರದೆ ಇರಲಿಲ್ಲ. ಅವರು ಬಾಗಿಲನ್ನೂ ಹಾಕದೆ ಅವನ ತೋಳು ಹಿಡಿದು ಮೆಟ್ಟಿಲಿಳಿದರು.

“ನಡಿ ಬೇಗ. ಏನು ತಗೊಂಡ ಅಂತ ದಾರೀಲಿ ನನಗೆ ಹೇಳು. ಅಲ್ಲಿ ನಾನು ಹೇಳ್ತೀನಿ.”