ಸಾವಕ್ಕನ ಬಲಗಾಲು

ಸಾವಕ್ಕನ ಬಲಗಾಲಿನ ಮೇಲೆ ಮನೆಯಲ್ಲಿ ದೊಡ್ಡ ಆಪಾದನೆ ಬಂದಿತ್ತು. ಅದೇನು ಸಾಮಾನ್ಯ ಕಾಲಲ್ಲ, ಹುಬ್ಬಳ್ಳಿಯ ನವನಗರದ ಹುಡುಗಿಯರಿಗೆ ಕಬಡ್ಡಿ ಕಲಿಸಿದ ಡ್ರಿಲ್ ಟೀಚರಿನ ಕಾಲು. ನಿವೃತ್ತಿಯಾದ ಮೇಲೆ ಆಕೆ ಹಟ ಹಿಡಿದು ಡ್ರೈವಿಂಗ್ ಕಲಿತಳು. ಹಳೆಯ ಪೆಟ್ರೋಲ್ ಪಿಕಪ್ ಒಂದನ್ನು ಕೊಂಡು, ಹೂವಿನ ಕುಂಡ ತುಂಬಿಕೊಂಡು ಓಣಿ ಓಣಿ ಮಾರತೊಡಗಿದಳು. ಸ್ಟೇರಿಂಗ್ ಕೈಗೆ ಬಂದರೆ ಸಾಕು, ಆಕೆಗೆ ಹಬ್ಬ.

ಆದರೆ ಸಿಗ್ನಲಿನಲ್ಲಿ ನಿಂತ ಕೂಡಲೇ ಎಂಜಿನ್ನಿಗೆ ಚಳಿಜ್ವರ. ಗಡಗಡ ನಡುಗುತ್ತಿತ್ತು, ಇನ್ನೇನು ಬಂದ್ ಆಯಿತು ಅನ್ನುವಾಗ ಹೇಗೋ ಮತ್ತೆ ಜೀವ ಬರುತ್ತಿತ್ತು. ಹಿಂದೆ ಸೇವಂತಿಗೆ, ಗುಲಾಬಿಗಳೆಲ್ಲ ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದವು.

ಗಂಡ ಮೈಲಾರಪ್ಪ ಬಸ್ ಓಡಿಸಿಯೇ ತಲೆ ನರೆಸಿಕೊಂಡವನು. ತಾನೇ ಪಿಕಪ್ ತೆಗೆದುಕೊಂಡು ಕೇಶ್ವಾಪುರದವರೆಗೆ ಹೋಗಿಬಂದ. ಒಂದು ಎಲೆಯೂ ಅಲುಗಲಿಲ್ಲ.

"ಗಾಡಿ ಛಲೋ ಐತಿ, ನಿನ್ನ ಕಾಲು ಛಲೋ ಇಲ್ಲ," ಎಂದು ತೀರ್ಪು ಕೊಟ್ಟ. "ಸೋಮವಾರದಿಂದ ನಮ್ಮ ತಮ್ಮನ ಮಗ ಅಂಬರೀಷ ಗಾಡಿ ಹೊಡೀಲಿ. ನೀ ಬಾಜೂಕ ಕುಂತು ಹೂವಿನ ರೇಟ್ ಹೇಳು."

ಸಾವಕ್ಕನಿಗೆ ಅಂದು ಊಟ ಸೇರಲಿಲ್ಲ. ಪಕ್ಕದ ಸೀಟಿನಲ್ಲಿ ಕೂರುವುದಕ್ಕೇನು ಆಕೆ ಇಷ್ಟೆಲ್ಲ ಕಲಿತದ್ದು?

"ಮೊದಲ ಶಾಬುದ್ದೀನನ ಕಡೆ ತೋರಸೂಣ್ರಿ," ಎಂದಳು.

ಹಳೇ ಹುಬ್ಬಳ್ಳಿಯ ಇಕ್ಕಟ್ಟಿನ ಓಣಿಯಲ್ಲಿ ಮೆಕ್ಯಾನಿಕ್ ಶಾಬುದ್ದೀನ ಬಾನೆಟ್ ಎತ್ತಿ ಪ್ಲಗ್ ಬಿಚ್ಚಿ ನೋಡಿದ, ಏರ್ ಫಿಲ್ಟರ್ ಝಾಡಿಸಿದ, ಮತ್ತೆ ಎಂಜಿನ್ ಚಾಲೂ ಮಾಡಿದ. ಅದು ಒಳ್ಳೆಯ ಮಗುವಿನ ಹಾಗೆ ಸಣ್ಣಗೆ ಗುನುಗುತ್ತ ನಿಂತಿತು.

"ಏನೂ ಇಲ್ರಿ ಅಕ್ಕೋರ."

ಮೈಲಾರಪ್ಪ ಮೀಸೆ ತಿರುವಿದ. ಸಾವಕ್ಕನ ಪಿತ್ತ ನೆತ್ತಿಗೇರಿತು. ಗಂಡನ ಕಡೆ ತಿರುಗಿದಳು.

"ನೀವ ಹತ್ತಿ ಕುಂದರ್ರಿ. ಇದು ಸಿಗ್ನಲ್. ನಾ ಹೇಳಿದಂಗ ಮಾಡ್ರಿ. ಕ್ಲಚ್!"

ಆ ಡ್ರಿಲ್ ದನಿಗೆ ಓಣಿಯೇ ತಿರುಗಿ ನೋಡಿತು. ಮೈಲಾರಪ್ಪ ತೆಪ್ಪಗೆ ಹತ್ತಿ ಕೂತು ಕ್ಲಚ್ ಒತ್ತಿದ.

"ನ್ಯೂಟ್ರಲ್! ಬ್ರೇಕ್!"

ಅವನು ಹ್ಯಾಂಡ್‌ಬ್ರೇಕ್ ಎಳೆದ.

"ಅದಲ್ರಿ, ಕಾಲಿಂದು."

"ಕಾಲಬ್ರೇಕ್ ಯಾಕ ಬೇಕು? ಮುಂದ ನೋಡದಾಂವ ಬ್ರೇಕ್ ತುಳೀತಾನ. ನಾ ಗೇರ್ ಇಳಿಸಿ ಇಳಿಸಿ ಗಾಡಿ ನಿಧಾನ ಮಾಡಿ ಹ್ಯಾಂಡ್‌ಬ್ರೇಕ್ ಎಳೀತೇನಿ."

ಸಾವಕ್ಕ ಕಿಟಕಿಯೊಳಗೆ ಬಗ್ಗಿ ಅವನ ಕಾಲು ನೋಡಿದಳು.

"ಅಂದ್ರ ಕೇಶ್ವಾಪುರಕ್ಕ ಹೋಗಿ ಬರೂತನಕ ನೀವು ಬ್ರೇಕ್ ಮುಟ್ಟೇ ಇಲ್ಲ?"

"ಮುಟ್ಟಿಲ್ಲ!" ಎಂದ, ಎದೆಯುಬ್ಬಿಸಿ.

"ಈಗ ಮುಟ್ರಿ."

ಒತ್ತಿದ. ಕಾಲಿನ ಹತ್ತಿರ ಎಲ್ಲೋ ಸುಯ್ ಎಂದಿತು. ಎಂಜಿನ್ ಗಡಗಡ ನಡುಗಿತು, ಹಿಂದಿನ ಕುಂಡಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಶಾಬುದ್ದೀನ ಧಾವಿಸಿ, ಎಂಜಿನ್ನಿನಿಂದ, ಬ್ರೇಕನ್ನು ಹಗುರ ಮಾಡುವ ಬೂಸ್ಟರಿಗೆ ಹೋಗುವ ರಬ್ಬರ್ ಪೈಪನ್ನು ಇಕ್ಕಳದಿಂದ ಅದುಮಿದ. ನಡುಕ ನಿಂತಿತು. ಬಿಟ್ಟ, ಮತ್ತೆ ನಡುಕ.

"ಸಿಕ್ಕಿತ್ರಿ ಅಕ್ಕೋರ! ಬೂಸ್ಟರ್ ಒಳಗಿನ ರಬ್ಬರ್ ಹರದೈತಿ. ಬ್ರೇಕ್ ಒತ್ತಿದಾಗೆಲ್ಲಾ ಅಲ್ಲಿಂದ ಎಂಜಿನ್ನಿಗೆ ಗಾಳಿ ಹೊಕ್ಕಾಕತ್ತೈತಿ." ಆಮೇಲೆ ಮೈಲಾರಪ್ಪನ ಕಡೆ ತಿರುಗಿದ. "ಹಂಗ ಬಿಟ್ಟಿದ್ರ ಬ್ರೇಕ್ ಕಲ್ಲಿನಂಗ ಗಟ್ಟಿ ಆಗತಿತ್ತು ಕಾಕಾ. ಖರೇ ಬೇಕಾದ ದಿನಾ ನಿಮಗ ಗೊತ್ತಾಗತಿತ್ತು."

ಹಂಗಿಸಲು ಸಾವಕ್ಕನ ನಾಲಗೆಯ ತುದಿಯಲ್ಲಿ ಏನೇನೋ ಇತ್ತು. ಆ ಮಾತು ಕೇಳಿ ಎಲ್ಲ ಮರೆತುಹೋಯಿತು. ಈ ಮನುಷ್ಯ ಒಬ್ಬನೇ ಇಳಿಜಾರಿನಲ್ಲಿ ಹೊರಟಿದ್ದರೆ? ಅವನ ಹೆಗಲ ಮೇಲೆ ಕೈಯಿಟ್ಟಳು.

ಬೇರೆ ಬೂಸ್ಟರ್ ಕೂರಿಸಿದ ಮೇಲೆ ಮೈಲಾರಪ್ಪ ಯಾರೂ ಹೇಳದೆ ಎಡಗಡೆಯ ಬಾಗಿಲು ತೆಗೆದು ಹತ್ತಿದ. ಫೋನ್ ಹಚ್ಚಿದ. "ಅಂಬರೀಷಾ, ಸೋಮವಾರ ಬರಬ್ಯಾಡಪಾ. ಗಾಡಿಗೆ ಡ್ರೈವರ್ ಅದಾಳ."

ಸಾವಕ್ಕನಿಗೆ ನಗು ತಡೆಯಲಾಗಲಿಲ್ಲ. ಮನೆಗೆ ಮರಳುವಾಗ ಸಿಗ್ನಲಿನಲ್ಲಿ ಕೆಂಪು ಬಿತ್ತು. ಬಲಗಾಲಿನಿಂದ ಮೆಲ್ಲಗೆ ಬ್ರೇಕ್ ಒತ್ತಿದಳು. ಎಂಜಿನ್ ಗಪ್‌ಚಿಪ್, ಕನ್ನಡಿಯಲ್ಲಿ ಸೇವಂತಿಗೆಗಳು ಅಲುಗದೆ ನಿಂತಿದ್ದವು. ಪಕ್ಕಕ್ಕೆ ನೋಡಿದರೆ, ಮೈಲಾರಪ್ಪನ ಬಲಗಾಲು ನೆಲವನ್ನು ಗಟ್ಟಿಯಾಗಿ ಅದುಮಿಕೊಂಡಿತ್ತು.

"ಅಲ್ಲಿ ಬ್ರೇಕ್ ಇಲ್ರಿ, ಬರೇ ತಗಡೈತಿ," ಎಂದಳು.

"ಗೊತ್ತೈತಿ. ನೀ ಮುಂದ ನೋಡು," ಎಂದ ಮೈಲಾರಪ್ಪ, ಕಾಲು ತೆಗೆಯದೆ.